ರಿಫ್ಲೆಕ್ಟರ್ ಜಾಕೆಟ್: ಎಪ್ಪತ್ತು ರೂಪಾಯಿಯದ್ದರಿಂದ ಏಳುನೂರರದ್ದರವರೆಗೆ

ರಸ್ತೆಗೆ ಗೆರೆ ಹೊಡೆಯುವ ಗ್ಯಾಂಗ್‌ಗೆ ನಾನು ಸೂಪರ್‌ವೈಸರ್. ಹೆದ್ದಾರಿ ಮೇಲೆ ಬಿಳಿ, ಹಳದಿ ಪಟ್ಟೆ ಕಾಣುತ್ತದಲ್ವಾ, ಅದೇ ನಮ್ಮ ಕೆಲಸ. ಥರ್ಮೋಪ್ಲಾಸ್ಟಿಕ್ ಪುಡಿಯನ್ನು ಪ್ರೀಹೀಟರ್‌ನಲ್ಲಿ 200 ಡಿಗ್ರಿ ಹತ್ತಿರ ಕಾಯಿಸುತ್ತೇವೆ. ಅದನ್ನು ಕೈಗಾಡಿಗೆ ಸುರಿದು, ದಾರ ಹಿಡಿದು ಹಾಕಿದ ಗುರುತಿನ ಮೇಲೆ ಎಳೆಯುತ್ತೇವೆ. ಬಿಸಿ ಆರುವ ಮುಂಚೆ ಮೇಲೆ ಗಾಜಿನ ಮಣಿ ಉದುರಿಸುತ್ತೇವೆ. ಜಾಸ್ತಿ ಕೆಲಸ ತುಮಕೂರು, ಶಿರಾ, ಹಿರಿಯೂರು ಕಡೆ, ಎನ್‌ಎಚ್ 48ರ ಮೇಲೆ. ಗಾಡಿ ಓಡಾಟ ಕಡಿಮೆ ಇರಲಿ ಅಂತ ಬಹಳಷ್ಟು ಸಲ ರಾತ್ರಿಯೇ ಮಾಡಬೇಕು. ಪಕ್ಕದ ಲೇನ್‌ನಲ್ಲಿ ಲಾರಿ, ಸ್ಲೀಪರ್ ಬಸ್ಸು ಹೋಗುತ್ತಲೇ ಇರುತ್ತವೆ. ನಮಗೂ ಅವಕ್ಕೂ ನಡುವೆ ಇರುವುದು ಒಂದು ಸಾಲು ಕೋನ್ ಮತ್ತು ಮೈಮೇಲಿನ ಜಾಕೆಟ್.

ಹಾಗಾಗಿ ಗ್ಯಾಂಗ್‌ಗೆ ಜಾಕೆಟ್ ತರುವ ಕೆಲಸ ನನ್ನದೇ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆ, ಎಸ್.ಪಿ. ರಸ್ತೆ ಸುತ್ತಿದರೆ ಸೇಫ್ಟಿ ಸಾಮಾನಿನ ಅಂಗಡಿ ಬೇಕಾದಷ್ಟಿವೆ. ಹೆಲ್ಮೆಟ್, ಗಮ್‌ಬೂಟು, ಕೋನ್, ಕೈಗವಸು ಎಲ್ಲ ಹೊರಗೇ ನೇತುಹಾಕಿರುತ್ತಾರೆ. ಬೇರೆ ಬೇರೆ ದರದ ಜಾಕೆಟ್‌ಗಳನ್ನು ತಂದು ಗ್ಯಾಂಗ್‌ಗೆ ಹಾಕಿಸಿ ನೋಡಿದ್ದೇನೆ. ಯಾವುದು ಕೊಂಡರೆ ದುಡ್ಡು ದಂಡ, ಯಾವುದಕ್ಕೆ ಕೊಟ್ಟಿದ್ದು ಸಾರ್ಥಕ ಅಂತ ಹೇಳುತ್ತೇನೆ.

ಮೊದಲು ಅಗ್ಗದ್ದು. ಎಪ್ಪತ್ತು ರೂಪಾಯಿಯ ಬಲೆ ಜಾಕೆಟ್. ನೀವೂ ನೋಡಿರುತ್ತೀರಿ. ಗಿಳಿಹಸಿರಿಗೂ ಹಳದಿಗೂ ನಡುವಿನ ಬಣ್ಣ, ಸೊಳ್ಳೆಪರದೆಯಷ್ಟು ತೆಳು, ಮೇಲೆ ಒಂದಿಂಚಿನ ಬೆಳ್ಳಿ ಪಟ್ಟಿ. ಮದುವೆ ಛತ್ರದ ಪಾರ್ಕಿಂಗ್ ಹುಡುಗರಿಂದ ಹಿಡಿದು ಜಾತ್ರೆ ಸ್ವಯಂಸೇವಕರವರೆಗೆ ಎಲ್ಲರ ಮೈಮೇಲೂ ಇದೇ. ಹಗಲಲ್ಲಿ ಅಂಗಡಿ ಮುಂದೆ ಮಿರಮಿರ ಅನ್ನುತ್ತದೆ. ರಾತ್ರಿ ಹೈವೇ ಮೇಲೆ ಇದು ಹೆಸರಿಗೆ ಮಾತ್ರ ಜಾಕೆಟ್.

ಯಾಕೆ ಅಂದರೆ, ಜಾಕೆಟ್‌ನಲ್ಲಿ ಎರಡು ಬೇರೆ ಬೇರೆ ಸಾಮಾನಿವೆ. ಬಟ್ಟೆಯ ಬಣ್ಣ ಹಗಲಿಗೆ. ಆ ಫ್ಲೋರೊಸೆಂಟ್ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ಹೀರಿಕೊಂಡು ಕಾಣುವ ಬೆಳಕಾಗಿ ಬಿಡುತ್ತದೆ. ಅದಕ್ಕೇ ಮೋಡ ಮುಸುಕಿದ ಸಂಜೆಯಲ್ಲೂ ಅದು ಎದ್ದು ಕಾಣುವುದು. ಕತ್ತಲಾದ ಮೇಲೆ ಆ ಆಟ ಮುಗಿಯಿತು. ಹಳೇ ಸೋಡಿಯಂ ದೀಪದ ಕೆಳಗೆ ಹಳದಿಯೂ ಒಂದೇ, ಕಿತ್ತಳೆಯೂ ಒಂದೇ, ಎಲ್ಲ ಮಂಕು. ರಾತ್ರಿ ಕೆಲಸ ಮಾಡುವುದು ಬೆಳ್ಳಿ ಟೇಪು ಒಂದೇ.

ಟೇಪಿನ ಒಳಗುಟ್ಟು ಗೆರೆ ಹೊಡೆಯುವವರಿಗೆ ಹೇಳಿಕೊಡಬೇಕಾಗಿಲ್ಲ. ನಾವು ರಸ್ತೆಗೆ ಉದುರಿಸುವಂಥದ್ದೇ ಗಾಜಿನ ಮಣಿ ಅದರಲ್ಲೂ ಇದೆ, ಇನ್ನೂ ಎಷ್ಟೋ ನುಣ್ಣಗಿನದು. ಮಣಿಯ ಹಿಂಭಾಗಕ್ಕೆ ಅಲ್ಯೂಮಿನಿಯಂ ಲೇಪ. ಹೆಡ್‌ಲೈಟ್ ಬೆಳಕು ಒಳಗೆ ಹೋಗಿ, ಬಾಗಿ, ಹಿಂಬದಿಗೆ ಬಡಿದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಡ್ರೈವರ್ ಕಣ್ಣು ತನ್ನ ಹೆಡ್‌ಲೈಟಿಗೆ ಹತ್ತಿರವೇ ಇರುವುದರಿಂದ ಅವನಿಗೆ ಟೇಪು ಉರಿಯುವ ಹಾಗೆ ಕಾಣುತ್ತದೆ. ಪಕ್ಕದಲ್ಲಿ ನಿಂತವನಿಗೆ ಅದೇ ಟೇಪು ಬೂದು ಬಟ್ಟೆ. ಸ್ಟೀಲ್ ತಟ್ಟೆಯೂ ಹೊಳೆಯುತ್ತದೆ, ಆದರೆ ಬೆಳಕನ್ನು ಎತ್ತಲೋ ಎಸೆಯುತ್ತದೆ. ಅಗ್ಗದ ಜಾಕೆಟ್ಟಿನ ಪಟ್ಟಿ ಈ ತಟ್ಟೆ ಜಾತಿಯದು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಷ್ಟೋ ಸಲ ಸುಳ್ಳು ಟೇಪೇ ಜಾಸ್ತಿ ಮಿಂಚುತ್ತದೆ.

ಪರೀಕ್ಷೆ ಸುಲಭ, ಕಾಸು ಖರ್ಚಿಲ್ಲ. ಜಾಕೆಟ್ ಅನ್ನು ಅಂಗಡಿಯ ಹಿಂದಿನ ಮೆಟ್ಟಿಲ ಕತ್ತಲಿಗೋ ಗೋದಾಮಿಗೋ ಒಯ್ಯಿರಿ. ಒಬ್ಬರು ಹಿಡಿದು ನಿಲ್ಲಲಿ. ನೀವು ಇಪ್ಪತ್ತು ಹೆಜ್ಜೆ ದೂರ ಹೋಗಿ, ಮೊಬೈಲ್ ಟಾರ್ಚ್ ಹಾಕಿ, ಅದನ್ನು ಕಣ್ಣಿನ ಪಕ್ಕ ಕಪಾಲಕ್ಕೆ ಒತ್ತಿ ಹಿಡಿದು ನೋಡಿ. ಟಾರ್ಚ್ ಸೊಂಟದ ಹತ್ತಿರ ಹಿಡಿದರೆ ಏನೂ ಗೊತ್ತಾಗುವುದಿಲ್ಲ, ಕಣ್ಣಿನ ಪಕ್ಕವೇ ಬೇಕು. ಒಳ್ಳೆಯ ಟೇಪು ಬೆಳ್ಳಗೆ ಭಗ್ಗೆನ್ನುತ್ತದೆ. ಸುಳ್ಳು ಟೇಪು ಮಂಕಾಗಿ ಕೂತಿರುತ್ತದೆ. ಜಾಕೆಟ್ ಅನ್ನು ಸ್ವಲ್ಪ ಓರೆ ಮಾಡಿಸಿ ಮತ್ತೊಮ್ಮೆ ನೋಡಿ, ಯಾಕೆಂದರೆ ಕೆಲಸ ಮಾಡುವವರು ಯಾರೂ ಲಾರಿಗೆ ಎದೆಯೊಡ್ಡಿ ನೆಟ್ಟಗೆ ನಿಂತಿರುವುದಿಲ್ಲ. ನಾನು ಹೀಗೆ ನೋಡುವಾಗ ಅಂಗಡಿಯ ಹುಡುಗರು ನಗುತ್ತಿದ್ದರು. ಈಗ ನಾನು ಹೋದ ತಕ್ಷಣ ಅವರೇ ಮೆಟ್ಟಿಲ ಲೈಟ್ ಆರಿಸುತ್ತಾರೆ.

ಎರಡನೆಯದು ಇನ್ನೂರಿಪ್ಪತ್ತು ರೂಪಾಯಿಯದು. ಬಲೆ ಅಲ್ಲ, ಗಟ್ಟಿ ಪಾಲಿಯೆಸ್ಟರ್. ಟೇಪು ಎರಡಿಂಚು. ಬೆನ್ನ ಮೇಲೆ ಕಂಪನಿ ಹೆಸರು ಬೇಕಿದ್ದರೆ ಪ್ರಿಂಟ್ ಹಾಕಿಕೊಡುತ್ತಾರೆ. ಸೈಟುಗಳಲ್ಲಿ ಇವತ್ತು ಜಾಸ್ತಿ ಕಾಣುವುದು ಇದೇ. ಹೊಸದರಲ್ಲಿ ಟಾರ್ಚ್ ಪರೀಕ್ಷೆ ಪಾಸ್ ಆಗುತ್ತದೆ, ಸುಳ್ಳು ಹೇಳಬಾರದು. ನನ್ನ ತಕರಾರು ಆಮೇಲಿನದು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹೆಗಲ ಮೇಲಿನ ಬಣ್ಣ ಹುಲ್ಲು ಒಣಗಿದ ಬಣ್ಣಕ್ಕೆ ತಿರುಗಿತು. ಟೇಪು ಮಡಿಕೆ ಬೀಳುವ ಕಡೆ ಬಿರುಕು ಬಿಟ್ಟಿತು. ಎದೆಯ ವೆಲ್ಕ್ರೋದಲ್ಲಿ ರಸ್ತೆ ದೂಳು, ನಮ್ಮದೇ ಗಾಜಿನ ಮಣಿ ಸೇರಿಕೊಂಡು ಅಂಟುವುದೇ ನಿಂತುಹೋಯಿತು. ಜಾಕೆಟ್ ಮುಂದೆ ತೆರೆದುಕೊಂಡು ಹಾರಾಡುತ್ತಿದ್ದರೆ ಎದೆಯ ಮೇಲಿನ ಟೇಪು ಇದ್ದೂ ಇಲ್ಲದ ಹಾಗೆ. ಜೊತೆಗೆ ಅಂಚು ಪ್ರೀಹೀಟರ್‌ಗೋ ಕೈಗಾಡಿಗೋ ಸಿಕ್ಕಿಕೊಳ್ಳುವ ಭಯ ಬೇರೆ. ಜಿಪ್ ಇರುವುದನ್ನೇ ತಗೊಳ್ಳಿ.

ಅಳತೆಯ ವಿಷಯ ಯಾವ ಅಂಗಡಿಯಲ್ಲೂ ಹೇಳುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ. ಈ ಬಟ್ಟೆಗೆ ನಮ್ಮ ದೇಶದ ಮಾನಕ ಐಎಸ್ 15809. ಅಂತರರಾಷ್ಟ್ರೀಯದ್ದು ಐಎಸ್‌ಒ 20471, 2013ರದ್ದು, ಯುರೋಪಿನ ಹಳೆಯ ಮಾನಕ ಇಎನ್ 471ರ ಜಾಗಕ್ಕೆ ಬಂದದ್ದು. ಅದರಲ್ಲಿ ಮೂರು ಕ್ಲಾಸ್. ಕ್ಲಾಸ್ 2 ಅಂದರೆ ಕನಿಷ್ಠ ಅರ್ಧ ಚದರ ಮೀಟರ್ ಫ್ಲೋರೊಸೆಂಟ್ ಬಟ್ಟೆ, 0.13 ಚದರ ಮೀಟರ್ ಟೇಪು. ಟೇಪಿನ ಅಗಲ 5 ಸೆಂಟಿಮೀಟರಿಗಿಂತ ಕಮ್ಮಿ ಇರಬಾರದು. ಲೆಕ್ಕ ಹಾಕಿದರೆ ಒಂದು ಜಾಕೆಟ್ ಮೇಲೆ 2.6 ಮೀಟರ್ ಉದ್ದದ ಟೇಪು ಬೇಕು. ಕ್ಲಾಸ್ 3ಕ್ಕೆ 0.20 ಚದರ ಮೀಟರ್, ಅಂದರೆ 4 ಮೀಟರ್. ನನ್ನ ಜೇಬಲ್ಲಿ ಅಳತೆ ಪಟ್ಟಿ ಯಾವಾಗಲೂ ಇರುತ್ತದೆ, ಗೆರೆಯ ಕೆಲಸವಲ್ವಾ. ಅಂಗಡಿಯಲ್ಲೇ ಅಳೆದುಬಿಡುತ್ತೇನೆ. ಎಪ್ಪತ್ತು ರೂಪಾಯಿಯ ಜಾಕೆಟ್ ಒಂದಿಂಚಿನ ಪಟ್ಟಿಯಲ್ಲಿ ಇದರ ಅರ್ಧಕ್ಕೂ ಬರುವುದಿಲ್ಲ. ಇನ್ನೂರಿಪ್ಪತ್ತರದ್ದು ದೊಡ್ಡ ಸೈಜಿನಲ್ಲಿ ಹತ್ತಿರ ಬರುತ್ತದೆ, ಸಣ್ಣ ಸೈಜಿನಲ್ಲಿ ಇಲ್ಲ.

ಇನ್ನು ಅಲ್ಲೇ ಸಂದಿಗಳಲ್ಲಿ ಎಕ್ಸ್‌ಪೋರ್ಟ್ ಸರಪ್ಲಸ್ ಅಂತ ಸಿಗುತ್ತದೆ, ನಾನೂರೈವತ್ತು ರೂಪಾಯಿ ಆಸುಪಾಸು. ಅಮೆರಿಕಕ್ಕೆ ಹೊಲಿದ ಮಾಲು. ಒಳಗಿನ ಚೀಟಿಯಲ್ಲಿ ಅವರ ಮಾನಕ ಎಎನ್‌ಎಸ್‌ಐ 107, ಟೈಪ್ ಆರ್, ಕ್ಲಾಸ್ 2 ಅಂತಿದ್ದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು. ಆರ್ ಅಂದರೆ ರಸ್ತೆಗೆ. ಬಟ್ಟೆ, ಟೇಪಿನ ಅಳತೆ ಮೇಲೆ ಹೇಳಿದ ಕ್ಲಾಸ್ 2ರಷ್ಟೇ. ಟೈಪ್ ಓ ಅಂತಿದ್ದರೆ ಅದು ಗೋದಾಮು, ರಸ್ತೆಯಿಂದ ದೂರದ ಜಾಗಗಳಿಗೆ, ನಮಗಲ್ಲ. ಅಮೆರಿಕದಲ್ಲಿ 2008ರ ನವೆಂಬರ್‌ನಿಂದ ಕೇಂದ್ರ ಸರ್ಕಾರದ ಹಣ ಬಿದ್ದ ಹೆದ್ದಾರಿಗಳ ಮೇಲೆ ಕೆಲಸ ಮಾಡುವವರಿಗೆ ಕ್ಲಾಸ್ 2 ಇಲ್ಲವೇ 3 ಕಡ್ಡಾಯ, ಅದಕ್ಕೇ ಅವರ ಮಾಲಿನಲ್ಲಿ ಟೇಪಿಗೆ ಜಿಪುಣತನ ಇಲ್ಲ. ಕೆಲವದರಲ್ಲಿ ಹೆಗಲು, ಪಕ್ಕೆ ಎರಡೂ ಕಡೆ ಬಿಚ್ಚಿಕೊಳ್ಳುವ ಜೋಡಣೆ ಇರುತ್ತದೆ. ಜಾಕೆಟ್ ಗಾಡಿಗೋ ಯಂತ್ರಕ್ಕೋ ಸಿಕ್ಕಿದರೆ ಬಟ್ಟೆ ಕಳಚಿ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಕೈಗಾಡಿ ಎಳೆಯುವ ಹುಡುಗನಿಗೆ ನಾನು ಅದನ್ನೇ ಕೊಟ್ಟಿದ್ದೇನೆ. ಸರಪ್ಲಸ್‌ನ ತೊಂದರೆ ಅಂದರೆ ಸೈಜು. ಎಲ್ಲ ಅವರ ಮೈಕಟ್ಟಿಗೆ. ನಮ್ಮ ಹುಡುಗರು ಅದರೊಳಗೆ ಕಳೆದುಹೋಗುತ್ತಾರೆ. ಮತ್ತೆ ಬೇಕು ಅಂದರೆ ಅದೇ ಮಾಲು ಸಿಗುವುದೂ ಇಲ್ಲ.

ಕೊನೆಗೆ ನಾನು ಗಟ್ಟಿ ಮಾಡಿಕೊಂಡದ್ದು ಏಳುನೂರು ರೂಪಾಯಿಯದು. ಒಳಗೆ ಹೊಲಿದ ಚೀಟಿಯಲ್ಲಿ ಐಎಸ್‌ಒ 20471, ಜಾಕೆಟ್ ಚಿತ್ರದ ಪಕ್ಕ 2 ಅನ್ನುವ ಅಂಕಿ, ಒಗೆಯುವ ಬಿಸಿ, ಎಷ್ಟು ಸಲ ಒಗೆಯಬಹುದು ಅನ್ನುವುದು, ಎಲ್ಲ ಇದೆ. ಟೇಪು ಎರಡೂ ಅಂಚಿನಲ್ಲಿ ಎರಡೆರಡು ಸಾಲು ಹೊಲಿಗೆ. ಜಿಪ್ ದಪ್ಪ. ಎದೆಯ ಮೇಲೆ ವಾಕಿಟಾಕಿಗೆ ಪಟ್ಟಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ ತಂದೆ. ಕಣ್ಣಿಗೆ ಹೊಡೆಯುವುದರಲ್ಲಿ ಹಳದಿಹಸಿರೇ ಮುಂದು, ಒಪ್ಪುತ್ತೇನೆ. ಆದರೆ ರಸ್ತೆ ಕೆಲಸದಲ್ಲಿ ಜೆಸಿಬಿ ಹಳದಿ, ರೋಲರ್ ಹಳದಿ, ನಾವು ಹೊಡೆಯುವ ಗೆರೆಯೂ ಎಷ್ಟೋ ಕಡೆ ಹಳದಿ. ಹಗಲಲ್ಲಿ ಜೆಸಿಬಿ ಮುಂದೆ ನಿಂತ ಹಳದಿ ಜಾಕೆಟ್ಟಿನವನನ್ನು ದೂರದಿಂದ ಹುಡುಕಬೇಕಾಗುತ್ತದೆ. ಸಕಲೇಶಪುರದ ಕಡೆಯ ಹಸಿರಿನಲ್ಲೂ ಕಿತ್ತಳೆಯೇ ವಾಸಿ. ಕೆಮ್ಮಣ್ಣಿನ ನೆಲ ಇರುವ ಕಡೆ ಕೆಲಸ ಜಾಸ್ತಿ ಇದ್ದರೆ ನೀವು ಹಳದಿ ತಗೊಳ್ಳಿ, ನನ್ನದೇನೂ ಹಟ ಇಲ್ಲ.

ಈ ಜಾಕೆಟ್ ಹೈವೇ ಮೇಲೆ ಹೇಗೆ ಕಾಣುತ್ತದೆ ಅಂತ ನೋಡಲು ನಾನೇ ನಮ್ಮ ಟೆಂಪೋ ಡ್ರೈವರ್ ಪಕ್ಕ ಕೂತು ಗ್ಯಾಂಗ್ ಕಡೆಗೆ ಬಂದೆ. ಡಿಮ್ ಲೈಟ್. ಏಳುನೂರರ ಜಾಕೆಟ್ಟುಗಳು ದೂರದಿಂದಲೇ ಪಟ್ಟೆಪಟ್ಟೆಯಾಗಿ ಕಂಡವು, ಮನುಷ್ಯರು ಬಗ್ಗಿದ್ದಾರೆ ಅಂತ ಗೊತ್ತಾಗುವ ಹಾಗೆ. ಹೋಲಿಸಲಿ ಅಂತ ಒಬ್ಬನಿಗೆ ಬಲೆ ಜಾಕೆಟ್ ಹಾಕಿಸಿ ಕೋನ್ ಸಾಲಿನ ಒಳಗೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದ್ದೆ. ಮೊದಲು ಕೋನ್‌ನ ಬಿಳಿ ಪಟ್ಟಿ ಕಂಡಿತು, ಆಮೇಲೆ ಅವನ ಚಪ್ಪಲಿ, ಆಮೇಲೆ ಅವನು. ಡ್ರೈವರ್ ಅಂದದ್ದು, “ಅಣ್ಣ, ಇದನ್ನ ಹಾಕ್ಕೊಂಡ್ರೂ ಒಂದೇ ಬಿಟ್ರೂ ಒಂದೇ.” ನಮ್ಮ ದೇಶದಲ್ಲಿ ರಸ್ತೆಗಳ ಮಾನಕ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ, ಲೆಕ್ಕದಲ್ಲಿ 100 ಕಿಲೋಮೀಟರ್ ವೇಗದ ಗಾಡಿ ಕಂಡು, ಬ್ರೇಕ್ ಒತ್ತಿ, ನಿಲ್ಲಲು 180 ಮೀಟರ್ ಬೇಕು. ಡಿಮ್ ಲೈಟ್ ಅಷ್ಟು ದೂರದ ಮಾಮೂಲಿ ಬಟ್ಟೆಯನ್ನು ತೋರಿಸುವುದೇ ಇಲ್ಲ. ಆ ದೂರ ತುಂಬಬೇಕಾದ್ದು ಟೇಪು.

ಗ್ಯಾಂಗ್‌ನ ಹೆಂಗಸರ ವಿಷಯದಲ್ಲಿ ಮಾತ್ರ ಯಾವ ಜಾಕೆಟ್ಟಿಗೂ ನಾನು ಪೂರ್ತಿ ಮಾರ್ಕ್ಸ್ ಕೊಡುವುದಿಲ್ಲ. ಗೆರೆ ಹಿಡಿಯಬೇಕಾದರೆ ರಸ್ತೆಯಲ್ಲಿ ದೂಳು ಇರಬಾರದು. ಗುಡಿಸುವವರು ಹೆಂಗಸರು. ಸೀರೆ ಮೇಲೆ ಗಂಡಸರ ಫುಲ್ ಶರ್ಟು, ತಲೆಗೆ ಟವೆಲ್ಲು, ಅದರ ಮೇಲೆ ಜಾಕೆಟ್. ಇಷ್ಟರ ಮೇಲೆ ಜಿಪ್ ಹಾಕಲು ಆಗುವುದಿಲ್ಲ. ದೊಡ್ಡ ಸೈಜ್ ಕೊಟ್ಟರೆ ಕಂಕುಳು ಸೊಂಟಕ್ಕೆ ಬರುತ್ತದೆ. ಟವೆಲ್ಲಿನ ತುದಿ, ಸೆರಗು ಜಾರಿ ಬಂದು ಹೆಗಲ ಮೇಲಿನ ಉದ್ದ ಪಟ್ಟಿಯನ್ನು ಮುಚ್ಚುತ್ತವೆ. ಗುಡಿಸುವಾಗ ಬಗ್ಗಿರುತ್ತಾರಲ್ಲ, ಆಗ ಬೆನ್ನ ಮೇಲಿನ ಅಡ್ಡ ಪಟ್ಟಿ ಆಕಾಶ ನೋಡುತ್ತಿರುತ್ತದೆ. ಹಿಂದಿನಿಂದ ಬರುವ ಗಾಡಿಗೆ ಕಾಣುವುದು ಸೀರೆ ಮಾತ್ರ. ಈ ಜಾಕೆಟ್ ಮಾಡುವವರು ಯಾರೂ ಪೊರಕೆ ಹಿಡಿದು ಬಗ್ಗಿದವರನ್ನು ಹಿಂದಿನಿಂದ ನೋಡಿಯೇ ಇಲ್ಲ ಅನಿಸುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರದ್ದೂ ಇದೇ ಕಥೆ.

ನಾವು ಮಾಡಿಕೊಂಡ ಉಪಾಯ ಹೇಳುತ್ತೇನೆ. ಎರಡಿಂಚಿನ ಒಳ್ಳೆಯ ಟೇಪು ಮೀಟರ್ ಲೆಕ್ಕದಲ್ಲೂ ಸಿಗುತ್ತದೆ. ಉದ್ದ ಕೋಟಿನ ಹಾಗೆ ಮೊಣಕಾಲಿನವರೆಗೆ ಬರುವ, ಮುಂದೆ ಗುಂಡಿ ಇರುವ ಕಿತ್ತಳೆ ಬಟ್ಟೆಯನ್ನು ನಮ್ಮೂರ ಟೈಲರ್ ಹತ್ತಿರ ಹೊಲಿಸಿ, ಕೆಳ ಅಂಚಿನ ಸುತ್ತ ಮತ್ತು ತೋಳಿನ ಸುತ್ತ ಟೇಪು ಹಾಕಿಸಿದೆ. ಇದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಇದನ್ನು ಹಾಕಿಕೊಂಡ ಮೇಲೆ ಕ್ಲಾಸ್ 2 ಜಾಕೆಟ್ಟೂ ಮೇಲೆ ಇರಲೇಬೇಕು ಅಂತ ಮಾಡಿದ್ದೇನೆ. ಬಗ್ಗಿದಾಗ ಕೆಳ ಅಂಚಿನ ಟೇಪು ಕಾಣುತ್ತದೆ. ಹೆಂಗಸರ ಅಭಿಪ್ರಾಯ ಬೇರೆ, “ಮೇ ತಿಂಗಳಲ್ಲಿ ಇದನ್ನ ಹಾಕ್ಕೊಂಡು ನೀವು ಗುಡಿಸಿ ನೋಡಿ” ಅಂದರು. ನ್ಯಾಯವೇ. ಹಗಲು ಹೊತ್ತಿಗೆ ಆ ಕೋಟು ಬೇಡ ಅಂತ ಬಿಟ್ಟುಬಿಟ್ಟೆ.

ಬಾವುಟ ಹಿಡಿದು ನಿಲ್ಲುವವನಿಗೆ ಬೇರೆ ಲೆಕ್ಕ. ಹೆದ್ದಾರಿ ಕೆಲಸದ ಜಾಗಕ್ಕೆ ಐಆರ್‌ಸಿ ಎಸ್‌ಪಿ 55 ಅನ್ನುವ ಮಾರ್ಗಸೂಚಿ ಇದೆ. ಮುನ್ಸೂಚನೆಯ ಭಾಗ, ಲೇನ್ ಬದಲಾಗುವ ಭಾಗ, ಕೆಲಸದ ಭಾಗ, ಮುಗಿಯುವ ಭಾಗ ಅಂತ ಅದು ರಸ್ತೆಯನ್ನು ಹಂಚುತ್ತದೆ. ಬಾವುಟದವನು ನಿಲ್ಲುವುದು ಎಲ್ಲರಿಗಿಂತ ಮುಂದೆ, ಒಬ್ಬನೇ. ಅವನಿಗೆ ತೋಳಿಲ್ಲದ ಜಾಕೆಟ್ ಸಾಲದು. ಕ್ಲಾಸ್ 3, ಪೂರ್ತಿ ತೋಳಿನದು, ಸಾಧ್ಯವಾದರೆ ಪ್ಯಾಂಟಿಗೂ ಟೇಪು. ಎದೆಯ ಮೇಲಿನ ಎರಡು ಪಟ್ಟಿ ಮಾತ್ರ ಕಂಡರೆ ಡ್ರೈವರ್ ಅದನ್ನು ಬ್ಯಾರಿಕೇಡ್ ಅಂದುಕೊಳ್ಳುತ್ತಾನೆ. ಕೈ ಕಾಲಿನ ಟೇಪು ಅಲುಗಾಡಿದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಇದು ಮನುಷ್ಯ ಅಂತ. ಬಜೆಟ್ ಕಮ್ಮಿ ಇದ್ದರೆ ಎಲ್ಲರಿಗೂ ಸಾಧಾರಣದ್ದು ತರುವ ಬದಲು, ಮೊದಲ ಒಳ್ಳೆಯ ಜಾಕೆಟ್ ಅವನಿಗೆ ಕೊಡಿ. ನಮ್ಮಲ್ಲಿ ಆಗುವುದು ಉಲ್ಟಾ. ಒಳ್ಳೆಯದು ಇಂಜಿನಿಯರ್ ಸಾಹೇಬರ ಮೈಮೇಲೆ, ಹಳಸಿದ್ದು ಬಾವುಟದವನಿಗೆ.

ಪ್ರೀಹೀಟರ್ ಹತ್ತಿರ ನಿಲ್ಲುವವರಿಗೆ ಎಚ್ಚರಿಕೆ. ಇವೆಲ್ಲ ಪಾಲಿಯೆಸ್ಟರ್. ಕಾದ ಥರ್ಮೋ ಒಂದು ಹನಿ ಸಿಡಿದರೆ ಬಟ್ಟೆ ಕರಗಿ ತೂತಾಗುತ್ತದೆ, ಕೆಳಗೆ ಚರ್ಮಕ್ಕೂ ಅಂಟುತ್ತದೆ. ಒಳಗೆ ದಪ್ಪ ಕಾಟನ್ ಶರ್ಟು, ಮುಂದೆ ಚರ್ಮದ ಏಪ್ರನ್ ಬೇಕೇ ಬೇಕು. ಬೆಂಕಿ ತಡೆಯುವ ರಿಫ್ಲೆಕ್ಟರ್ ಬಟ್ಟೆ ಬೇರೆಯೇ ಬರುತ್ತದೆ, ಬೆಲೆ ಕೇಳಿ ವಾಪಸ್ ಬಂದೆ.

ಒಗೆಯುವುದು ದೊಡ್ಡ ಸಮಸ್ಯೆ. ನಮ್ಮ ಕಡೆ ಬಟ್ಟೆ ಅಂದರೆ ಸಬೂನು ಹಚ್ಚಿ, ಬ್ರಷ್ ಹಾಕಿ ಉಜ್ಜಿ, ಕಲ್ಲಿಗೆ ನಾಲ್ಕು ಏಟು. ಟೇಪಿನ ಗಾಜಿನ ಮಣಿ ಆ ಏಟು ತಡೆಯುವುದಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ, ಕೈಯಲ್ಲಿ ಹಿಂಡದೆ ಜಾಡಿಸಿ, ನೆರಳಲ್ಲಿ ಒಣಗಿಸಬೇಕು. ಬ್ಲೀಚಿಂಗ್ ಪುಡಿ ಬೇಡ, ಟೇಪಿನ ಮೇಲೆ ಇಸ್ತ್ರಿ ಬೇಡ. ಇಷ್ಟು ಹೇಳಿದರೂ ಒಬ್ಬನ ಜಾಕೆಟ್ ಕಲ್ಲಿನ ಏಟು ತಿಂದು ಬಂತು. ಟಾರ್ಚ್ ಹಿಡಿದರೆ ಟೇಪಿನ ಮೇಲೆ ಕಪ್ಪು ಮಚ್ಚೆ, ಬೋಳಾದ ಹಾಗೆ. ಈಗ ಎಲ್ಲರ ಜಾಕೆಟ್ ಕ್ಯಾಂಪ್‌ನಲ್ಲೇ ಒಗೆಯುತ್ತಾರೆ, ಒಗೆದ ಲೆಕ್ಕವನ್ನು ಒಳಗಿನ ಚೀಟಿಯ ಮೇಲೆ ಪೆನ್ನಲ್ಲಿ ಗೀಟು ಹಾಕುತ್ತೇವೆ. ಚೀಟಿಯ ಅಂಕಿ ಮುಟ್ಟಿದರೆ ರಾತ್ರಿ ಪಾಳಿಯಿಂದ ಆ ಜಾಕೆಟ್ ಹೊರಗೆ. ಮಣ್ಣು ಮೆತ್ತಿದ ಟೇಪೂ ಸತ್ತ ಟೇಪೇ. ಹಾಗಾಗಿ ಕೆಲಸ ಶುರುವಾಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳುತ್ತೇನೆ.

ಮಳೆಯಲ್ಲಿ ಥರ್ಮೋ ಹಿಡಿಯುವುದಿಲ್ಲ, ಗೆರೆ ಕೆಲಸ ನಿಲ್ಲುತ್ತದೆ. ಆಗ ಗುಂಡಿ ಮುಚ್ಚುವ, ಮರ ಬಿದ್ದ ಕಡೆ ಕೋನ್ ಇಟ್ಟು ಕಾಯುವ ಕೆಲಸಕ್ಕೆ ಶಿರಾಡಿ ಘಾಟಿ ಕಡೆ ಹೋಗುತ್ತೇವೆ. ಅಲ್ಲಿ ಒಂದು ಮೂರ್ಖತನ ದಿನಾ ನೋಡುತ್ತೇನೆ. ಜಾಕೆಟ್ ಹಾಕಿಕೊಂಡು ಅದರ ಮೇಲೆ ಕಪ್ಪು ರೈನ್‌ಕೋಟ್. ಜಾಕೆಟ್ಟೇ ರೈನ್‌ಕೋಟ್ ಆಗಿರುವ ಕ್ಲಾಸ್ 3 ಸಿಗುತ್ತದೆ, ಸಾವಿರದ ಎಂಟುನೂರು ರೂಪಾಯಿ ಹತ್ತಿರ. ಒದ್ದೆಯಾದರೆ ಗಾಜಿನ ಮಣಿ ಟೇಪಿನ ಹೊಳಪು ಇಳಿಯುತ್ತದೆ, ನೀರಿನ ಪೊರೆ ಬೆಳಕನ್ನು ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ ಪೊರೆಯೊಳಗೆ ಜೇನುಗೂಡಿನ ಗೆರೆ ಕಾಣುವ ಪ್ರಿಸಂ ಟೇಪು ಮಳೆಯಲ್ಲಿ ಅದಕ್ಕಿಂತ ವಾಸಿ ಅಂತ ನನ್ನ ಅನುಭವ. ರೈನ್‌ಕೋಟಿಗೆ ಅಂಥದ್ದನ್ನೇ ಕೇಳಿ. ಒಳಗೆ ಬೆವರು ಕಿತ್ತುಕೊಂಡು ಬರುತ್ತದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ದುಡ್ಡಿನ ಮಾತಿಗೆ ಬಂದರೆ, ಹಿಂದೆ ನಾವು ಕೆಲಸ ಮಾಡಿದ ಒಬ್ಬ ದೊಡ್ಡ ಗುತ್ತಿಗೆದಾರರ ಸೈಟಿನಲ್ಲಿ ಒಳ್ಳೆಯ ಜಾಕೆಟ್ಟುಗಳು ಇದ್ದವು, ಪ್ಲಾಸ್ಟಿಕ್ ಕವರಿನೊಳಗೆ. ತಪಾಸಣೆಯ ದಿನ ಹೊರಗೆ ಬರುತ್ತಿದ್ದವು, ಗ್ರೂಪ್ ಫೋಟೋ ಆಗುತ್ತಿತ್ತು, ಸಂಜೆ ಎಣಿಸಿ ವಾಪಸ್ ಸ್ಟೋರಿಗೆ. ರಾತ್ರಿ ಪಾಳಿಗೆ ಬಲೆ ಜಾಕೆಟ್. ಹಾಗಾಗಿ ಈಗ ನಾನು ಗ್ಯಾಂಗ್ ಒಪ್ಪಿಕೊಳ್ಳುವಾಗಲೇ ಜಾಕೆಟ್ಟಿನ ಖರ್ಚನ್ನು ರೇಟಿನಲ್ಲಿ ಸೇರಿಸುತ್ತೇನೆ, ಜಾಕೆಟ್ ನಮ್ಮದೇ ತರುತ್ತೇನೆ. ಜಿಎಸ್‌ಟಿ ಬಿಲ್ ಇರುವ ಅಂಗಡಿಯಿಂದಲೇ ತಗೊಳ್ಳಿ, ಬಿಲ್ ಪಾಸ್ ಮಾಡಿಸುವಾಗ ಕೇಳುತ್ತಾರೆ. ಡಜನ್ ಲೆಕ್ಕದಲ್ಲಿ ತಗೊಂಡರೆ ಏಳುನೂರರದ್ದು ಆರುನೂರ ಇಪ್ಪತ್ತಕ್ಕೆ ಇಳಿಯುತ್ತದೆ. ಬೆನ್ನ ಮೇಲೆ ಕಂಪನಿ ಹೆಸರು ಬರೆಸುವುದಾದರೆ ಸಣ್ಣದಾಗಿ ಬರೆಸಿ, ಅದು ಮುಚ್ಚುವ ಬಟ್ಟೆ ಲೆಕ್ಕಕ್ಕೆ ಸಿಗುವುದಿಲ್ಲ.

ಅಂಗಡಿಯವರಿಗೆ ನಾನು ಹೇಳಿ ಬಂದಿರುವುದು ಒಂದೇ, ಹೆಂಗಸರ ಅಳತೆಯದು, ಪಕ್ಕೆಯಲ್ಲಿ ಎಲಾಸ್ಟಿಕ್ ಇರುವುದು, ಬೆನ್ನಿನ ಕೆಳಗೆ ಒಂದು ಪಟ್ಟಿ ಜಾಸ್ತಿ ಇರುವುದು ಬೇಕು ಅಂತ. “ಯಾರೂ ಕೇಳಲ್ಲ ಸಾರ್, ನೂರು ಪೀಸ್ ಆರ್ಡರ್ ಇದ್ರೆ ಮಾಡಿಸ್ತೀನಿ” ಅಂದರು. ನಮಗೆ ಬೇಕಿರುವುದು ಹನ್ನೆರಡು. ಬೇರೆ ಗ್ಯಾಂಗ್‌ನವರು ಯಾರಾದರೂ ಸೇರಿಕೊಂಡರೆ ನೂರು ಆಗಬಹುದು.